ಸೋಮವಾರದಿಂದ ಶುರು ಅನ್ನುವವರಿಗೆ

'ಡ್ರಿಲ್ ಟೀಚರ್‌ಗೆ ಪತ್ರ' – ಓದುಗರ ಪ್ರಶ್ನೆ, ಟೀಚರ್ ಉತ್ತರ

ಹೋದ ತಿಂಗಳು ನಾನೇ ನಿಮಗೊಂದು ಪ್ರಶ್ನೆ ಕೇಳಿದ್ದೆ. 'ವ್ಯಾಯಾಮ ಒಳ್ಳೆಯದು ಅಂತ ನಿಮಗೆಲ್ಲ ಗೊತ್ತು. ಆದರೂ ಶುರು ಮಾಡಲು ತಡೆದಿರುವುದು ಏನು?' ಮಂಡಿನೋವು, ಸೊಂಟನೋವು ಅಂತ ಬರೆಯುತ್ತೀರಿ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ನೋವಿಗಿಂತ ಜಾಸ್ತಿ ಇದ್ದದ್ದು ಅತ್ತೆ, ಆಫೀಸ್ ಕ್ಯಾಬು ಮತ್ತು ಸೋಮವಾರ. ಹಾಗಾಗಿ ಈ ಸಲ ಬಸ್ಕಿ ಎಷ್ಟು ಹೊಡೆಯಬೇಕು ಅನ್ನುವುದಕ್ಕಿಂತ ಹೊರಡುವುದರ ಬಗ್ಗೆಯೇ ಮಾತು ಜಾಸ್ತಿ. ನಾನು ಹೈಸ್ಕೂಲಿನಲ್ಲಿ ಸೀಟಿ ಊದುತ್ತಿದ್ದಾಗ ಮಕ್ಕಳನ್ನು ಮೈದಾನಕ್ಕೆ ಇಳಿಸುವುದು ಸುಲಭ ಇತ್ತು. ಟೈಂಟೇಬಲ್ಲೇ ಆ ಕೆಲಸ ಮಾಡುತ್ತಿತ್ತು. ದೊಡ್ಡವರಿಗೆ ಯಾರೂ ಟೈಂಟೇಬಲ್ ಹಾಕಿಕೊಡುವುದಿಲ್ಲ, ಅಲ್ವಾ? ಹೆಸರು ಬೇಡ ಅಂದವರೇ ಹೆಚ್ಚು. ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಸಾಫ್ಟ್‌ವೇರ್ ಕೆಲಸ. ಮನೆ ಕೆಂಗೇರಿ, ಆಫೀಸು ವೈಟ್‌ಫೀಲ್ಡ್. ಎರಡು ಸಲ ಜಿಮ್‌ಗೆ ವರ್ಷದ ಫೀಸು ಕಟ್ಟಿದ್ದೇನೆ. ಎರಡೂ ಸಲ ಜನವರಿಯಲ್ಲಿ ಸೇರಿ ಶಿವರಾತ್ರಿ ಹೊತ್ತಿಗೆ ಬಿಟ್ಟೆ. ಶೂ, ಬ್ಯಾಗು, ಹೆಜ್ಜೆ ಎಣಿಸುವ ವಾಚು ಎಲ್ಲ ಇದೆ. ಮತ್ತೆ ಸೇರೋಣ ಅನ್ನಿಸುತ್ತಿದೆ, ಹೆದರಿಕೆಯೂ ಆಗುತ್ತಿದೆ. ನಾನು ನಿಜವಾಗಿ ಸಿದ್ಧನಾಗಿದ್ದೇನಾ ಅಂತ ತಿಳಿಯುವುದು ಹೇಗೆ? ನನಗೆ ಇಚ್ಛಾಶಕ್ತಿಯೇ ಇಲ್ವಾ? – ಬೆಂಗಳೂರು

ಉತ್ತರ: ಇಚ್ಛಾಶಕ್ತಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ಚೀಟಿ ತಗೊಂಡು ಎರಡು ಅಂಕ ಬರೆಯಿರಿ, ಎರಡೂ ಸೊನ್ನೆಯಿಂದ ಹತ್ತರೊಳಗೆ. ಇದು ನನಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು. ಮುಂದಿನ ತಿಂಗಳು, ಈಗಿರುವ ಕೆಲಸ ಈಗಿರುವ ಟ್ರಾಫಿಕ್ ನಡುವೆ, ಇದನ್ನು ಮಾಡಿಯೇ ಮಾಡುತ್ತೇನೆ ಅನ್ನುವ ನಂಬಿಕೆಗೆ ಇನ್ನೊಂದು. ಜಿಮ್‌ಗೆ ದುಡ್ಡು ಕಟ್ಟಿ ಬಿಟ್ಟವರು ಬರೆಯುವ ಅಂಕ ನನಗೆ ಹೆಚ್ಚುಕಡಿಮೆ ಬಾಯಿಪಾಠ: ಮೊದಲನೆಯದು 9, ಎರಡನೆಯದು 4. ಇದರಲ್ಲಿ ಸೋಮಾರಿತನ ಎಲ್ಲಿದೆ? ಆಸೆ ಇದೆ, ನಿಮಗೆ ಹೊಂದುವ ಯೋಜನೆ ಇಲ್ಲ, ಅಷ್ಟೇ. ಎರಡನೇ ಅಂಕ 7 ಆಗುವ ತನಕ ಯೋಜನೆಯನ್ನು ಕತ್ತರಿಸುತ್ತಾ ಹೋಗಿ. ವಾರಕ್ಕೆ ಐದು ದಿನ ಅಂದಾಗ 4 ಬಂತಾ? ಮೂರು ದಿನ ಅನ್ನಿ. ಆಗಲೂ 5 ಬಂದರೆ ಎರಡು ದಿನ, ಅರ್ಧರ್ಧ ಗಂಟೆ ಅನ್ನಿ. ಎಷ್ಟು ಚಿಕ್ಕದಾದಾಗ 7 ಬರುತ್ತದೋ ಅಷ್ಟಕ್ಕೆ ನೀವು ಸಿದ್ಧ. ಅದಕ್ಕಿಂತ ದೊಡ್ಡದಕ್ಕೆ ಇನ್ನೂ ಅಲ್ಲ.

ಅಮೆರಿಕದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟಿ ಅನ್ನುವ ಮನಶ್ಶಾಸ್ತ್ರಜ್ಞರು ಸಿಗರೇಟು ಬಿಟ್ಟವರನ್ನು ಗಮನಿಸಿ 1980ರ ದಶಕದ ಶುರುವಿನಲ್ಲಿ ಒಂದು ವಿಷಯ ಹೇಳಿದರು. ಮನುಷ್ಯ ಒಂದೇ ಏಟಿಗೆ ಬದಲಾಗುವುದಿಲ್ಲ. ಮೊದಲು ಅದರ ಯೋಚನೆಯೇ ಇರುವುದಿಲ್ಲ. ಆಮೇಲೆ ಯೋಚನೆ ಬರುತ್ತದೆ, ಆಮೇಲೆ ತಯಾರಿ, ಆಮೇಲೆ ಕೆಲಸ, ಕೊನೆಗೆ ಉಳಿಸಿಕೊಳ್ಳುವುದು. ಕೆಲಸ ಶುರುವಾಗಿ ಆರು ತಿಂಗಳು ದಾಟಿದರೆ ಮಾತ್ರ ಅವರು ಕೊನೆಯ ಹಂತ ಅಂತ ಒಪ್ಪುತ್ತಿದ್ದರು. ನಡುವೆ ಜಾರಿ ಹಿಂದಕ್ಕೆ ಬರುವುದನ್ನೂ ಅವರು ಲೆಕ್ಕಕ್ಕೆ ತಗೊಂಡಿದ್ದರು. ಜನ ಹೀಗೆ ಸಾಲಾಗಿ ಹಂತ ದಾಟುವುದಿಲ್ಲ ಅನ್ನುವ ಟೀಕೆಯೂ ಇದೆ. ನನಗೂ ಆ ಟೀಕೆ ಸರಿ ಅನ್ನಿಸುತ್ತದೆ. ಡಾಕ್ಟರ ಒಂದು ಮಾತಿಗೆ ಮಾರನೇ ದಿನವೇ ಎದ್ದು ಹೊರಟವರನ್ನು ನೋಡಿದ್ದೇನೆ. ಆದರೆ ನಿಮ್ಮ ಪತ್ರ ಓದಿದಾಗ ಆ ಮೂರನೇ ಹಂತದ ನೆನಪಾಯಿತು. ನೀವು ಯೋಚನೆಯಿಂದ ಸೀದಾ ಜಿಮ್ಮಿನೊಳಕ್ಕೆ ಹಾರಿದ್ದೀರಿ. ಫೀಸು ಕಟ್ಟಿದ್ದನ್ನೇ ತಯಾರಿ ಅಂದುಕೊಂಡಿದ್ದೀರಿ. ಫೀಸು ಕಟ್ಟಲು ಎರಡು ನಿಮಿಷ ಸಾಕು, ಫೋನಿನಲ್ಲೇ ಆಗುತ್ತದೆ.

ತಯಾರಿ ಅಂದರೆ ಇದು. ಆ ಅರ್ಧ ಗಂಟೆ ಯಾವುದರಿಂದ ಕಡಿತವಾಗುತ್ತದೆ? 'ಬೇಗ ಏಳುತ್ತೇನೆ' ಅನ್ನಬೇಡಿ. ಬೇಗ ಏಳಬೇಕಾದರೆ ಬೇಗ ಮಲಗಬೇಕು. ಬೇಗ ಮಲಗಬೇಕಾದರೆ ರಾತ್ರಿ ಹತ್ತೂವರೆಯ ಯಾವ ಕಾಲ್, ಯಾವ ಸೀರೀಸ್ ಬಿಡುತ್ತೀರಿ ಅಂತ ಹೆಸರು ಹಿಡಿದು ಬರೆಯಿರಿ. ಆಫೀಸಿನಲ್ಲಿ ಸಾಫ್ಟ್‌ವೇರ್ ಬಿಡುಗಡೆಯ ಒತ್ತಡದ ವಾರ, ಆ ರಿಲೀಸ್ ವಾರ, ಬಂದಾಗ ಏನು ಮಾಡುತ್ತೀರಿ ಅಂತಲೂ ಈಗಲೇ ಬರೆಯಿರಿ. ಅದು ಬರುವುದು ನಿಮಗೆ ಗೊತ್ತೇ ಇದೆ. ಆ ವಾರ ಜಿಮ್ ಇಲ್ಲ, ಹತ್ತು ನಿಮಿಷದ ನಡಿಗೆ ಮಾತ್ರ ಅಂತ ಮೊದಲೇ ಒಪ್ಪಿಕೊಂಡಿದ್ದರೆ ಅದು ಬಿಟ್ಟ ಹಾಗಲ್ಲ.

ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಕಾರಿನಲ್ಲಿ ಹೋಗುತ್ತೀರೋ ಏನೋ, ಬರೆದಿಲ್ಲ. 2023ರ ಅಕ್ಟೋಬರಿನಿಂದ ಮೆಟ್ರೊ ಪರ್ಪಲ್ ಲೈನು ಆ ತುದಿಯಿಂದ ಈ ತುದಿಯ ತನಕ ಓಡುತ್ತಿದೆ. ವಾರದಲ್ಲಿ ಮೂರು ದಿನ ಅದರಲ್ಲಿ ಹೋಗಿ, ಒಂದು ಸ್ಟೇಷನ್ ಮೊದಲೇ ಇಳಿದು ಬೇಗ ಬೇಗ ನಡೆಯಿರಿ. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನಡಿಗೆಯ ಪಾಲು ದಾರಿಯಲ್ಲೇ ಮುಗಿದರೆ ಜಿಮ್ಮಿಗೆ ಎರಡೇ ದಿನ ಸಾಕು. ಈ ಸಲ ತಿಂಗಳ ಫೀಸು ಕಟ್ಟಿ. ವರ್ಷದ ಆಫರ್ ಅಗ್ಗ ಅನ್ನುತ್ತಾರೆ. ಹೋಗದವರಿಗೆ ಯಾವ ಆಫರ್ರೂ ಅಗ್ಗ ಅಲ್ಲ. ಮನೆಗೆ ಹತ್ತಿರ ಇರುವ ಸಾಧಾರಣ ಜಿಮ್ಮು, ದೂರದ ಏಸಿ ಜಿಮ್ಮಿಗಿಂತ ಮೇಲು.

ಇನ್ನು 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತನ್ನು ಮರೆತುಬಿಡಿ. ಲಂಡನ್ನಿನಲ್ಲಿ 96 ಜನರ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಕೆಲಸ ತಾನಾಗಿಯೇ ಆಗುವ ಹಾಗಾಗಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನಕ್ಕೇ ಆಯಿತು, ಕೆಲವರಿಗೆ 254ರ ತನಕ ಬೇಕಾಗುವ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಜನವರಿಯಲ್ಲಿ ಸೇರಿ ಶಿವರಾತ್ರಿಗೆ ಬಿಟ್ಟೆ ಅಂದಿರಿ. ಬಹಳ ಜನಕ್ಕೆ ಇನ್ನೂ ಹಿಡಿತ ಸಿಗದ ಹೊತ್ತು ಅದು.

ಪ್ರಶ್ನೆ: ನನಗೆ 47. ಬೆಳಗ್ಗೆ ವಾಕಿಂಗ್ ಹೋಗಬೇಕು ಅಂತ ತುಂಬಾ ಆಸೆ. ನಮ್ಮತ್ತೆ 'ಮನೆ ಕೆಲಸಕ್ಕಿಂತ ದೊಡ್ಡ ವ್ಯಾಯಾಮ ಉಂಟಾ' ಅನ್ನುತ್ತಾರೆ. ಐದೂವರೆಗೆ ಎದ್ದರೆ ನೀರು, ಕಾಫಿ, ತಿಂಡಿ, ಇಬ್ಬರ ಡಬ್ಬಿ, ಪೂಜೆಗೆ ಅಣಿ. ಎಂಟೂವರೆ ತನಕ ಕೂರುವ ಹಾಗಿಲ್ಲ. ನಾನು ಸಿದ್ಧ ಇದ್ದೇನೆ, ಮನೆ ಸಿದ್ಧ ಇಲ್ಲ. – ದಾವಣಗೆರೆ

ಉತ್ತರ: ಕೊನೆಯ ಮಾತು ಎಷ್ಟು ಸರಿಯಾಗಿ ಬರೆದಿದ್ದೀರಿ! ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಹೇಳುವವರಿಗೆಲ್ಲ ನಿಮ್ಮ ಪತ್ರ ತೋರಿಸಬೇಕು.

ಮೊದಲು ನಿಮ್ಮತ್ತೆಗೆ ಉತ್ತರ ಹೇಳೋಣ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಮೈ ಅಲುಗಾಡಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಅವರ ಕಾಲದಲ್ಲಿ ಬಾವಿಯಿಂದ ನೀರು ಸೇದಿ, ರುಬ್ಬುಗುಂಡಿನಲ್ಲಿ ರುಬ್ಬಿ, ಬಟ್ಟೆ ಒಗೆದು, ಕುಕ್ಕುರುಗಾಲಲ್ಲಿ ಕೂತು ನೆಲ ಸಾರಿಸಿದವರು. ಆ ಕೆಲಸ ನಿಜಕ್ಕೂ ವ್ಯಾಯಾಮವೇ. ಈಗ ನೀರು ನಲ್ಲಿಯಲ್ಲಿ ಬರುತ್ತದೆ, ಮಿಕ್ಸಿ ಇದೆ, ಒಲೆ ಮುಂದೆ ನಿಂತಿರುವುದೇ ಜಾಸ್ತಿ. ಆಯಾಸ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎದೆಬಡಿತ ಏರುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ: ಕೆಲಸ ಮಾಡುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ತಿಂಡಿ ಮಾಡುತ್ತಾ ದೇವರನಾಮ ಹೇಳಲು ಆಗುತ್ತಿದ್ದರೆ ಆ ಕೆಲಸ ಹೃದಯಕ್ಕೆ ಸಾಲದು. ಇದನ್ನು ಅತ್ತೆಯ ಹತ್ತಿರವೇ ಮಾಡಿಸಿ ನೋಡಿ, ಜಗಳ ಕಡಿಮೆಯಾದೀತು.

ನಮ್ಮ ದೇಶದಲ್ಲಿ 2022ರ ಲೆಕ್ಕಕ್ಕೆ ದೊಡ್ಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸಾಲುವಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಈ 15ರ ವ್ಯತ್ಯಾಸ ಎಲ್ಲಿಂದ ಬಂತು ಅಂತ ನನ್ನನ್ನು ಕೇಳಿ. ಥ್ರೋಬಾಲಿನಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದ ಹುಡುಗಿಯರು, ಖೋಖೋದಲ್ಲಿ ಕಂಬ ಸುತ್ತಿ ಹಾರುತ್ತಿದ್ದ ಹುಡುಗಿಯರು, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮೈದಾನದ ಕಡೆ ತಿರುಗಲಿಲ್ಲ. ಈಗ ಎಲ್ಲಾದರೂ ಮದುವೆಮನೆಯಲ್ಲಿ ಸಿಕ್ಕಿ 'ಮಿಸ್, ಮೆಟ್ಟಿಲು ಹತ್ತಿದರೆ ಏದುಸಿರು' ಅನ್ನುತ್ತಾರೆ. ಅವರ ಮನಸ್ಸು ಸಿದ್ಧವಿರಲಿಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಹಾಗಾಗಿ ನಿಮ್ಮ ತಯಾರಿ ಮನಸ್ಸಿನಲ್ಲಿ ನಡೆಯುವಂಥದ್ದಲ್ಲ, ಅಡುಗೆಮನೆಯಲ್ಲಿ ನಡೆಯಬೇಕಾದದ್ದು. ಐದೂವರೆಯಿಂದ ಎಂಟೂವರೆ ತನಕದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬೇರೆಯವರಿಗೆ ಹಸ್ತಾಂತರ ಮಾಡಬಹುದಾದ ಎರಡಕ್ಕೆ ಗುರುತು ಹಾಕಿ. ಕಾಫಿ ಮಾಡಲು ಯಾವ ಗಂಡಸಿಗೂ ತರಬೇತಿ ಬೇಡ. ಡಬ್ಬಿ ತುಂಬಿಸಿ ಮುಚ್ಚಳ ಹಾಕಲು ಕಾಲೇಜಿಗೆ ಹೋಗುವ ಮಗನಿಗೂ ಬರುತ್ತದೆ. 'ಸಹಾಯ ಮಾಡಿ' ಅನ್ನಬೇಡಿ. 'ಸೋಮವಾರ, ಬುಧವಾರ, ಶುಕ್ರವಾರ ಆರೂವರೆಯಿಂದ ಏಳರ ತನಕ ನಾನು ಮನೆಯಲ್ಲಿ ಇರುವುದಿಲ್ಲ, ಕಾಫಿ ನಿಮ್ಮದು' ಅನ್ನಿ. ಸಹಾಯ ಅಂತ ಕೇಳಿದರೆ ಮೊದಲ ವಾರಕ್ಕೇ ಮುಗಿಯುತ್ತದೆ. ಕಾಫಿ ಮೂರು ದಿನ ಕೆಟ್ಟದಾಗಿರುತ್ತದೆ, ಕುಡಿದುಬಿಡಿ. ಏನೂ ಅನ್ನಬೇಡಿ.

ಬೆಳಗ್ಗೆಯೇ ಆಗಬೇಕು ಅನ್ನುವ ನಿಯಮವೂ ಇಲ್ಲ. ಎಂಟೂಮುಕ್ಕಾಲಿಗೆ ಎಲ್ಲ ಹೊರಟ ಮೇಲೆ, ಬಿಸಿಲು ಏರುವ ಮುಂಚೆ ಬೀದಿಯಲ್ಲೇ ಹತ್ತು ನಿಮಿಷ. ಸಂಜೆ ತರಕಾರಿಗೆ ಹೋಗುವಾಗ ಇನ್ನು ಹತ್ತು. ಒಂದೇ ಸಲಕ್ಕೆ ಇಷ್ಟು ಹೊತ್ತು ನಡೆಯಲೇಬೇಕು ಅಂತೇನೂ ಇಲ್ಲ. ಚಿಕ್ಕ ಚಿಕ್ಕದು ಕೂಡಿದರೂ ಸರಿ. ಹಾಲು ಕಾಯುವ ಹೊತ್ತಿಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕಟ್ಟೆಗೆ ಕೈ ಕೊಟ್ಟು ದಂಡ ಹೊಡೆದ ಹಾಗೆ ಬಾಗುವುದು ಮಾಡಿ. 47ರ ವಯಸ್ಸಿನಲ್ಲಿ, ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದಾಗ, ಎಲುಬು ಸ್ನಾಯು ಎರಡಕ್ಕೂ ಇದು ನಡಿಗೆಗಿಂತ ಜಾಸ್ತಿ ಬೇಕು. ಭಾನುವಾರ ಮಾತ್ರ ಕುಂದವಾಡ ಕೆರೆ ಕಡೆ ಹೋಗಿ. ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ, ಬೀದಿನಾಯಿ ಹೆದರಿಕೆಯೂ ಕಡಿಮೆ. ಅತ್ತೆಗೆ ನಡೆಯಲು ಆಗುವಂತಿದ್ದರೆ ಅವರನ್ನೂ ಕರೆಯಿರಿ. ಬರುತ್ತಾರೆ ಅಂತ ನನ್ನ ಅನುಮಾನ.

ಪ್ರಶ್ನೆ: ನಮ್ಮ ಯಜಮಾನರಿಗೆ 51. ಹೊಟ್ಟೆ ಬಂದಿದೆ, ಗೊರಕೆ ಜಾಸ್ತಿ, ಗದ್ದೆಗೂ ಬೈಕಿನಲ್ಲೇ ಹೋಗುತ್ತಾರೆ. ನಾನು ಹೇಳಿದಷ್ಟೂ ಹಟ. 'ನಮ್ಮಪ್ಪ ಎಂಬತ್ತು ವರ್ಷ ಬದುಕಿದ' ಅನ್ನುತ್ತಾರೆ. ಹೇಗೆ ಒಪ್ಪಿಸುವುದು? – ಮಂಡ್ಯ ಹತ್ತಿರದ ಹಳ್ಳಿ

ಉತ್ತರ: ಅವರಪ್ಪ ಗದ್ದೆಗೆ ನಡೆದೇ ಹೋಗುತ್ತಿದ್ದರು ಅಂತ ನೆನಪಿಸಲು ಕೈ ತುರಿಸುತ್ತದೆ, ಅಲ್ವಾ? ನೆನಪಿಸಬೇಡಿ. ಇದು ಹಗ್ಗಜಗ್ಗಾಟ. ನೀವು ಎಳೆದಷ್ಟೂ ಅವರು ಕಾಲು ಊರುತ್ತಾರೆ. ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು ಕುಡಿತದ ಚಟ ಇದ್ದವರ ಜೊತೆ ಕೆಲಸ ಮಾಡುತ್ತಾ 1983ರಲ್ಲಿ ಬರೆದದ್ದು ಇದನ್ನೇ: ಬದಲಾಗಬೇಕಾದ ಕಾರಣ ಎದುರಿನವರ ಬಾಯಿಂದ ಬಂದರೆ ಮನುಷ್ಯ ವಾದ ಮಾಡುತ್ತಾನೆ, ತನ್ನ ಬಾಯಿಂದಲೇ ಬಂದರೆ ಒಪ್ಪುತ್ತಾನೆ.

ಒಂದು ತಿಂಗಳು ಈ ವಿಷಯ ಎತ್ತಲೇಬೇಡಿ. ಆಮೇಲೆ ಒಂದು ದಿನ, ಅವರು ಖುಷಿಯಲ್ಲಿರುವಾಗ, ಸುಮ್ನೆ ಕೇಳಿ: 'ನಡೆಯುವುದು ಶುರು ಮಾಡಬೇಕು ಅಂತ ನಿಮಗೆ ಹತ್ತಕ್ಕೆ ಎಷ್ಟು ಅನ್ನಿಸುತ್ತೆ?' ಮೂರು ಅನ್ನಬಹುದು. ಆಗ 'ಬರೀ ಮೂರಾ' ಅಂದರೆ ಕೆಟ್ಟಿತು. 'ಸೊನ್ನೆ ಯಾಕಲ್ಲ, ಮೂರು ಯಾಕೆ?' ಅನ್ನಿ. ಕೇಳಲು ತಿರುಗುಮುರುಗು ಅನ್ನಿಸಬಹುದು. ಆದರೆ ಇದಕ್ಕೆ ಉತ್ತರ ಕೊಡುವಾಗ ಅವರು ತಮ್ಮ ಕಾರಣವನ್ನು ತಾವೇ ಹೇಳಬೇಕಾಗುತ್ತದೆ. 'ಕಬ್ಬಿನ ಗದ್ದೆ ಬದುವಿನಲ್ಲಿ ಉಸಿರು ಹತ್ತುತ್ತೆ' ಅಂತಲೋ, 'ಮಗಳ ಮದುವೆ ಹೊತ್ತಿಗೆ' ಅಂತಲೋ. ಬಂದ ಮಾತನ್ನು ಕೇಳಿಸಿಕೊಂಡು ಸುಮ್ಮನಾಗಿ. ಉಪದೇಶದ ಒಂದು ಸಾಲು ಸೇರಿಸಿದರೂ ಮತ್ತೆ ಮೊದಲಿನಿಂದ.

ಗೊರಕೆ ವಿಷಯ ಮಾತ್ರ ಬೇರೆ. ಮಲಗಿದ್ದಾಗ ನಡುವೆ ಉಸಿರು ನಿಂತ ಹಾಗಾಗಿ ಥಟ್ಟನೆ ಎಳೆದುಕೊಳ್ಳುತ್ತಾರಾ? ಹಗಲು ಕೂತಲ್ಲೇ ತೂಕಡಿಸುತ್ತಾರಾ? ಹಾಗಿದ್ದರೆ ಅವರು ಸಿದ್ಧರಾಗುವ ತನಕ ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸೊಂಟದ ಸುತ್ತಳತೆಯನ್ನೂ ಅಲ್ಲೇ ಅಳೆಸಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ನಿಮ್ಮದನ್ನೂ ಅಳೆಸಿಕೊಳ್ಳಿ, ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಮಾತೂ ಬರೆದಿಲ್ಲ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ, 63 ವರ್ಷ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ಇದೆ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಓಡಾಡುತ್ತೇನೆ. ಮಗ ಡಿಸೆಂಬರಿನಲ್ಲಿ 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಾನೆ, ನನ್ನದನ್ನೂ ಸೇರಿಸಿದ್ದಾನೆ. ಮನಸ್ಸು ಪೂರ್ತಿ ತಯಾರಿದೆ. ಮೈ ತಯಾರಿದೆಯಾ? – ಶಿವಮೊಗ್ಗ

ಉತ್ತರ: ಸರ್, ಈ ತಿಂಗಳ ಪತ್ರಗಳಲ್ಲಿ ಮನಸ್ಸು ಮುಂದೆ, ಮೈ ಹಿಂದೆ ಇರುವುದು ನಿಮ್ಮದೊಂದೇ. ಸಂತೋಷ. ಆದರೆ ಓಡುವ ಮುಂಚೆ ಸ್ವಲ್ಪ ನಿಲ್ಲಿ.

ಕೆನಡಾದವರು 1970ರ ದಶಕದಲ್ಲಿ ಏಳು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಆಮೇಲೆ ತಿದ್ದುಪಡಿಗಳಾಗಿವೆ, ಪ್ರಪಂಚದ ಎಷ್ಟೋ ಜಿಮ್ಮುಗಳಲ್ಲಿ ಈಗಲೂ ಅದನ್ನೇ ಕೇಳುತ್ತಾರೆ. ಹೃದಯದ ತೊಂದರೆ ಇದೆ ಅಂತ ಡಾಕ್ಟರ್ ಯಾವತ್ತಾದರೂ ಹೇಳಿದ್ದಾರಾ? ಕೆಲಸ ಮಾಡುವಾಗ ಎದೆನೋವು ಬರುತ್ತದಾ? ಹೋದ ಒಂದು ತಿಂಗಳಲ್ಲಿ ಸುಮ್ಮನೆ ಇದ್ದಾಗಲೂ ಬಂದಿದೆಯಾ? ತಲೆ ಸುತ್ತಿ ಬಿದ್ದದ್ದು, ಎಚ್ಚರ ತಪ್ಪಿದ್ದು ಉಂಟಾ? ವ್ಯಾಯಾಮದಿಂದ ಜಾಸ್ತಿಯಾಗುವಂಥ ಕೀಲುನೋವು ಇದೆಯಾ? ಬಿ.ಪಿ. ಅಥವಾ ಹೃದಯಕ್ಕೆ ಮಾತ್ರೆ ಇದೆಯಾ? ಬೇರೆ ಯಾವುದಾದರೂ ಕಾರಣ ನಿಮಗೇ ಗೊತ್ತಿದೆಯಾ? ಒಂದಕ್ಕೆ ಹೌದು ಅಂದರೂ ಡಾಕ್ಟರನ್ನು ಕೇಳಿ ಮುಂದುವರಿಯಬೇಕು. ನಿಮಗೆ ಬಿ.ಪಿ. ಮಾತ್ರೆ ಇದೆ, ಅಲ್ಲಿಗೆ ಒಂದು ಹೌದು ಆಯಿತು. 'ಡಾಕ್ಟರೇ ವಾಕಿಂಗ್ ಮಾಡಿ ಅಂದಿದ್ದಾರೆ' ಅಂತ ನೀವು ವಾದಿಸಬಹುದು. ವಾಕಿಂಗ್ ಅಂದದ್ದು ಹತ್ತು ಕಿಲೋಮೀಟರ್ ಓಟಕ್ಕೆ ಒಪ್ಪಿಗೆ ಅಲ್ಲ. ಓಟ ಅಂತಲೇ ಬಾಯಿಬಿಟ್ಟು ಹೇಳಿ. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಅವರೇ ಹೇಳಲಿ.

ಸಕ್ಕರೆ ಮಾತ್ರೆಯ ಹೆಸರನ್ನೂ ಅವರಿಗೆ ತೋರಿಸಿ. ಗ್ಲಿಮಿಪಿರೈಡ್ ಥರದ್ದು ಅಥವಾ ಇನ್ಸುಲಿನ್ ಆಗಿದ್ದರೆ ವ್ಯಾಯಾಮ ಜಾಸ್ತಿಯಾದಾಗ ಸಕ್ಕರೆ ಅಂಶ ಕುಸಿಯಬಹುದು. ಕೈ ನಡುಗಿ, ಬೆವರಿ, ತಲೆ ಮಂಕಾದರೆ ಅಲ್ಲೇ ನಿಂತು ಮೂರು ಚಮಚ ಸಕ್ಕರೆಯೋ ಗ್ಲೂಕೋಸೋ ತಗೊಳ್ಳಬೇಕು. ಜೇಬಿನಲ್ಲಿ ಪೊಟ್ಟಣ ಇಲ್ಲದೆ ಮನೆ ಬಿಡಬೇಡಿ. ವಾಪಸ್ ಬಂದ ಮೇಲೆ ಪಾದ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಗುಳ್ಳೆ ಎದ್ದರೂ ಗೊತ್ತಾಗದೇ ಇರಬಹುದು.

ಊಟದ ನಂತರದ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ, ಸಕ್ಕರೆಗೆ ಅದು ತುಂಬಾ ಒಳ್ಳೆಯದು. ನೆಹರೂ ಸ್ಟೇಡಿಯಂನಲ್ಲಿ ಬೆಳಗ್ಗೆ ನಡೆಯುವುದನ್ನು ಅದರ ಮೇಲೆ ಸೇರಿಸಿ. ಸತತ ಎರಡು ದಿನಕ್ಕಿಂತ ಜಾಸ್ತಿ ಖಾಲಿ ಬಿಡಬೇಡಿ. ವಾರದಲ್ಲಿ ಎರಡು ದಿನ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಒಂದೆರಡು ದಿನ ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು. ಈ ವಯಸ್ಸಿನಲ್ಲಿ ಬೀಳದೆ ಇರುವುದೂ ಫಿಟ್‌ನೆಸ್ಸೇ. ಡಿಸೆಂಬರಿನಲ್ಲಿ ಡಾಕ್ಟರ್ ಒಪ್ಪಿದರೆ ಆ ಹತ್ತು ಕಿಲೋಮೀಟರನ್ನು ನಡೆದು ಮುಗಿಸಿ. ಮಗ ಮುಂದೆ ಓಡಲಿ ಬಿಡಿ, ಅಂಥ ಕಡೆ ನಡೆಯುವವರು ಬೇಕಾದಷ್ಟು ಜನ ಇರುತ್ತಾರೆ.

ಪ್ರಶ್ನೆ: ಅಪ್ಪನಿಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದಿದ್ದಾರೆ. ನಾನೊಬ್ಬಳೇ ಮಗಳು, ಕೆಲಸಕ್ಕೂ ಹೋಗುತ್ತೇನೆ. ರಾತ್ರಿ ಎರಡು ಸಲ ಏಳಬೇಕು. ತೂಕ ಏರುತ್ತಿದೆ. ಗೆಳತಿಯರು ಜುಂಬಾ ಕ್ಲಾಸಿಗೆ ಬಾ ಅನ್ನುತ್ತಾರೆ. ಹೋಗಲು ಆಗುತ್ತಿಲ್ಲ ಅಂತ ನನ್ನ ಮೇಲೇ ಬೇಜಾರು. – ಹುಬ್ಬಳ್ಳಿ

ಉತ್ತರ: ಈಗ ಬೇಡ. ಇದು ನನ್ನ ನೇರ ಉತ್ತರ. ಈಗ ಆಗುವುದಿಲ್ಲ ಅಂತ ತಿಳಿದು ಹೇಳುವುದೂ ತೀರ್ಮಾನವೇ. ಗೆಳತಿಯರಿಗೆ 'ದೀಪಾವಳಿ ಆದ ಮೇಲೆ ಮತ್ತೆ ನೋಡ್ತೀನಿ' ಅಂತ ಹೇಳಿ, ಅಷ್ಟರ ತನಕ ಆ ಬೇಜಾರಿಗೆ ರಜೆ ಕೊಡಿ.

ನಿಮಗೆ ಮೊದಲು ಬೇಕಾಗಿರುವುದು ನಿದ್ದೆ. ವಾರದಲ್ಲಿ ಎರಡು ರಾತ್ರಿಯಾದರೂ ಬೇರೆ ಯಾರಾದರೂ ಅಪ್ಪನ ಪಕ್ಕ ಮಲಗುವ ಏರ್ಪಾಡು ಆಗುತ್ತದಾ, ನೆಂಟರೋ ಸಂಬಳದವರೋ, ನೋಡಿ. ಆಮೇಲೆ ನಿಮ್ಮ ಬೆನ್ನು. ಅಪ್ಪನನ್ನು ಎತ್ತಿ ಕೂರಿಸುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತುವುದನ್ನು ಅವರಿಗೆ ಬರುವ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಅವರ ಕೈಕಾಲು ಆಡಿಸುವಾಗ ನಿಮ್ಮ ಭುಜವನ್ನೂ ಜೊತೆಗೇ ತಿರುಗಿಸಿ. ಅಷ್ಟೇ ಸಾಕು ಸದ್ಯಕ್ಕೆ.

ಎರಡು ವಾರ ದಾಟಿಯೂ ಯಾವುದರಲ್ಲೂ ಆಸಕ್ತಿ ಇಲ್ಲದೆ, ಅಳು ಬರುತ್ತಲೇ ಇದ್ದರೆ ಅದು ಫಿಟ್‌ನೆಸ್ ಪ್ರಶ್ನೆ ಅಲ್ಲ. ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಪ್ರಶ್ನೆ: ನಾನು ಹಾಸ್ಟೆಲ್ ವಿದ್ಯಾರ್ಥಿನಿ. ಇಲ್ಲಿ ಬಿಸಿಲು 40 ದಾಟುತ್ತದೆ. ಮಳೆಗಾಲ ಬಂದ ಮೇಲೆ ಶುರು ಮಾಡಲಾ? – ಕಲಬುರಗಿ

ಉತ್ತರ: ಮಳೆಗಾಲ ಬಂದರೆ ಕೆಸರು ಅನ್ನುತ್ತೀಯ, ಆಮೇಲೆ ಪರೀಕ್ಷೆ. ಬೇಡ ಮಗಾ, ರೂಮಿನಲ್ಲೇ ಶುರು ಮಾಡು. ನಮ್ಮ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆಯಲು ಬೇಕಾದದ್ದು ಆರಡಿ ಜಾಗ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ಕಾದಂಬರಿಕಾರರೂ ಆಗಿದ್ದ ಕೆ.ವಿ. ಅಯ್ಯರ್ ಆ ಕಾಲದಲ್ಲೇ ಅಂಚೆಯಲ್ಲಿ ವ್ಯಾಯಾಮ ಪಾಠ ಕಳಿಸುತ್ತಿದ್ದರು. ಜನ ಅದನ್ನು ನೋಡಿಕೊಂಡು ಮನೆಯಲ್ಲೇ ಮೈ ಬೆಳೆಸಿಕೊಳ್ಳುತ್ತಿದ್ದರು. ಬಸ್ಕಿ ಎಂಟು, ಮಂಚದ ಅಂಚಿಗೆ ಕೈ ಕೊಟ್ಟು ದಂಡ ಐದು, ಇದನ್ನು ಮೂರು ಸುತ್ತು. ಸೂರ್ಯ ಹುಟ್ಟುವ ಮುಂಚೆ, ಇಲ್ಲವೇ ರಾತ್ರಿ ಫ್ಯಾನ್ ಕೆಳಗೆ. ಮಾರನೇ ದಿನ, ಅದರ ಮಾರನೇ ದಿನ ತೊಡೆ ಹಿಡಿದುಕೊಂಡಿರುತ್ತದೆ. ಹೆದರಬೇಡ, ತಾನಾಗಿಯೇ ಹೋಗುತ್ತದೆ. ನೀರು ಚೆನ್ನಾಗಿ ಕುಡಿ. ಮುಟ್ಟಿನ ದಿನ ಮಾಡಬಹುದಾ ಅಂತ ಪತ್ರದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಕೇಳಿದ್ದೀಯ. ಮಾಡಬಹುದು. ಆಗದಿದ್ದರೆ ಬಿಡಬಹುದು. ಎರಡೂ ಸರಿ.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಆಗಲೇಬೇಕಾ? 6,000 ದಾಟುತ್ತಿಲ್ಲ. – ಉಡುಪಿ

ಉತ್ತರ: ಆ ಸಂಖ್ಯೆ ಡಾಕ್ಟರುಗಳು ಹೇಳಿ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲೇ ಹತ್ತು ಸಾವಿರ ಇತ್ತು. 6,000 ಒಳ್ಳೆಯದೇ. ಅದರಲ್ಲಿ ಒಂದಿಷ್ಟನ್ನು ಬಿರುಸಾಗಿ ಹಾಕಿ.

ಪ್ರಶ್ನೆ: ತಿಂಗಳಿಂದ ನಡೆಯುತ್ತಿದ್ದೇನೆ, ತೂಕ ಒಂದು ಗ್ರಾಂ ಇಳಿದಿಲ್ಲ. ಬಿಟ್ಟುಬಿಡಲಾ? – ತುಮಕೂರು

ಉತ್ತರ: ಬರೀ ನಡಿಗೆಯಿಂದ ತೂಕ ಬೇಗ ಇಳಿಯುವುದಿಲ್ಲ. ಅದಕ್ಕೆ ತಟ್ಟೆಯ ಕಡೆಯೂ ನೋಡಬೇಕು, ಸಂಜೆಯ ಬೋಂಡಾ ಸೇರಿ. ನಿದ್ದೆ ಹೇಗಿದೆ? ಮೆಟ್ಟಿಲು ಹತ್ತುವಾಗ ಉಸಿರು ಹೇಗಿದೆ? ಬಿ.ಪಿ. ಎಷ್ಟಿದೆ? ತಕ್ಕಡಿ ಈ ಮೂರನ್ನೂ ತೂಗುವುದಿಲ್ಲ. ಬಿಡಬೇಡಿ.

ಪ್ರಶ್ನೆ: ಟೀಚರ್, ಎಲ್ಲರಿಗೂ ಹೇಳುತ್ತೀರಿ. ನೀವು ಏನು ಮಾಡುತ್ತೀರಿ? ಚಾಮುಂಡಿ ಬೆಟ್ಟ ಹತ್ತುತ್ತೀರಾ? – ನಂಜನಗೂಡು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ವಾರದಲ್ಲಿ ನಾಲ್ಕೈದು ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇನೆ. ಅಲ್ಲಿ ಹಕ್ಕಿ ನೋಡಲು ನಿಲ್ಲುವವರು ಜಾಸ್ತಿ, ನಾನೂ ನಿಲ್ಲುತ್ತೇನೆ, ಹಾಗಾಗಿ ವೇಗ ನನ್ನ ವಿದ್ಯಾರ್ಥಿಗಳು ಮೆಚ್ಚುವಂಥದ್ದಲ್ಲ. ಎರಡು ದಿನ ಮನೆಯಲ್ಲಿ ನೀರು ತುಂಬಿದ ಬಾಟಲಿ ಎತ್ತುವುದು, ಕುರ್ಚಿ ವ್ಯಾಯಾಮ. ಭಾನುವಾರ ಏನೂ ಇಲ್ಲ, ಮಸಾಲೆ ದೋಸೆ. ದಸರಾ ಹತ್ತು ದಿನ ಮನೆ ತುಂಬ ನೆಂಟರು, ಆಗಲೂ ಏನೂ ಇಲ್ಲ. ಬೆಟ್ಟದ ಮೆಟ್ಟಿಲು ಸಾವಿರ ಅನ್ನುತ್ತಾರೆ. ಚಳಿಗಾಲದಲ್ಲಿ ಆಗಾಗ ಹತ್ತುತ್ತೇನೆ, ನಂದಿ ಹತ್ತಿರ ಕೂತು ಸುಧಾರಿಸಿಕೊಂಡು ಮುಂದಕ್ಕೆ. ಇಳಿಯುವುದು ಮಾತ್ರ ಬಸ್ಸಿನಲ್ಲಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಹೊರೆ. ನೀವು ಬಂದರೆ ನಿಮಗೂ ಬಸ್ಸಿನ ಚಿಲ್ಲರೆ ಇಟ್ಟುಕೊಂಡಿರಿ.